ಸುಟ್ಟ ಬತ್ತಿಯ ರುಚಿ

ಲಾಲ್‌ಬಾಗ್ ಪಶ್ಚಿಮ ಗೇಟಿನ ಹತ್ತಿರ ಎಳೆದ ಆ ಇ-ಸಿಗರೇಟಿನ ದಮ್ಮು ಇನ್ನೂ ನೆನಪಿದೆ. ದೀಪದಲ್ಲಿ ಎಣ್ಣೆ ತೀರಿ ಬತ್ತಿ ಕರಕಲಾದಾಗ ಬರುವ ಕಮರು ವಾಸನೆ ನೇರ ಗಂಟಲಿಗೇ ಇಳಿದ ಹಾಗಿತ್ತು. ಇ-ಸಿಗರೇಟಿನೊಳಗೆ ಆಗುವುದೂ ಅದೇ: ಹತ್ತಿ ದ್ರವ ಹೀರಿಕೊಳ್ಳುವ ಮೊದಲೇ ಕಾಯಿಲ್, ಅಂದರೆ ದ್ರವ ಕಾಯಿಸುವ ತಂತಿಸುರುಳಿ, ಕಾದರೆ ಹತ್ತಿಯೇ ಸುಡುತ್ತದೆ. ಹೊಸ ಕಾಯಿಲ್ ಹಾಕಿದಾಗ ಹತ್ತು ನಿಮಿಷ ನೆನೆಯಲು ಬಿಡುತ್ತಿದ್ದೆ, ವ್ಯಾಟೇಜ್ ತಗ್ಗಿಸುತ್ತಿದ್ದೆ, ಒಂದರ ಹಿಂದೊಂದು ಎಳೆಯುತ್ತಿರಲಿಲ್ಲ. ಆದರೂ ಒಮ್ಮೆ ಕರಕಲಾದ ಹತ್ತಿ ಮತ್ತೆ ಸರಿಹೋಗುವುದಿಲ್ಲ, ಕಾಯಿಲನ್ನೇ ಬದಲಿಸಬೇಕು. ಆ ದ್ರವದಲ್ಲಿರುವ ಗ್ಲಿಸರಿನ್ ಅತಿಯಾಗಿ ಕಾದರೆ ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ರಾಸಾಯನಿಕಗಳು ಹುಟ್ಟುತ್ತವೆ ಅಂತ ಓದಿದ ದಿನ ನಿಜವಾಗಿಯೂ ಭಯವಾಯಿತು. 2019ರಲ್ಲಿ ದೇಶದಾದ್ಯಂತ ಇ-ಸಿಗರೇಟಿನ ಮಾರಾಟ ನಿಷೇಧವಾಯಿತು. ಕಾಯಿಲ್ ಹುಡುಕಿಕೊಂಡು ನಾನು ಹೋಗಲಿಲ್ಲ. ಈಗ ಗಾಂಧಿ ಬಜಾರಿನ ಬೆಳಗಿನ ಕಾಫಿಯಲ್ಲಿ ಚಿಕೋರಿಯ ಕಹಿ ನಾಲಿಗೆಗೆ ಬೇರೆಯಾಗಿಯೇ ಸಿಗುತ್ತದೆ.