ಮಿಸಿಸಿಪ್ಪಿ ಹುಟ್ಟುವ ಕಡೆ, ಜೈಲಿನ ಬಾಗಿಲಲ್ಲಿ

2021ರ ಜೂನ್ 7, ಸೋಮವಾರ. ಅಮೆರಿಕದ ಮಿನ್ನೆಸೋಟದಲ್ಲಿ ಆ ವಾರ ವಿಪರೀತ ಸೆಕೆ. ಆಫೀಸಿಗೆ ರಜೆ ಹಾಕಿ, ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ, ಮಿಸಿಸಿಪ್ಪಿ ನದಿ ಹುಟ್ಟುವ ಸೀಮೆಗೆ ಹೋಗಿದ್ದೆ. ಲೈನ್ 3 ಪೈಪ್‌ಲೈನ್ ನಿಲ್ಲಿಸಲು ಜೊತೆಗೆ ಬನ್ನಿ ಎಂದು ಅಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನ ಕರೆದಿದ್ದರು.

ಆ ಪೈಪು ಕೆನಡಾದ ಆಲ್ಬರ್ಟಾದಿಂದ ವಿಸ್ಕಾನ್ಸಿನ್‌ನ ಸುಪೀರಿಯರ್ ಊರಿಗೆ ದಿನಕ್ಕೆ 7,60,000 ಬ್ಯಾರೆಲ್ ಕಚ್ಚಾ ಎಣ್ಣೆ ಸಾಗಿಸುವಂಥದ್ದು. 1960ರ ದಶಕದ ಹಳೇ ಪೈಪು ತುಕ್ಕು ಹಿಡಿದಿತ್ತು. ಅದರ ಬದಲು ಎನ್‌ಬ್ರಿಡ್ಜ್ ಕಂಪನಿ ಮಿನ್ನೆಸೋಟದಲ್ಲಿ ಬಹುಪಾಲು ಹೊಸ ದಾರಿಯಲ್ಲೇ ಪೈಪು ಹಾಕುತ್ತಿತ್ತು. ಹಳೇ ಪೈಪು 1991ರ ಮಾರ್ಚ್‌ನಲ್ಲಿ ಗ್ರ್ಯಾಂಡ್ ರ್ಯಾಪಿಡ್ಸ್ ಹತ್ತಿರ ಒಡೆದು 17 ಲಕ್ಷ ಗ್ಯಾಲನ್ ಎಣ್ಣೆ ಸೋರಿತ್ತು. ಉಪನದಿಯ ಮೇಲೆ ದಪ್ಪ ಐಸ್ ಕಟ್ಟಿದ್ದರಿಂದ ಮಿಸಿಸಿಪ್ಪಿ ಉಳಿಯಿತು. ನಮ್ಮ ಮನೆಯ ನಲ್ಲಿಯಲ್ಲಿ ಬರುವುದೂ ಅದೇ ನದಿಯ ನೀರು.

ಅನಿಶಿನಾಬೆ ಜನಕ್ಕೆ ಅದು ಊಟದ ಪ್ರಶ್ನೆ. ನೀರಿನ ಮೇಲೆ ಅನ್ನ ಬೆಳೆಯುವ ಜಾಗ ಸಿಗುವ ತನಕ ಪಶ್ಚಿಮಕ್ಕೆ ನಡೆಯಿರಿ ಎಂಬ ಮಾತು ನಂಬಿ ಬಂದವರು ಅವರ ಹಿರಿಯರು. ಆ ಅನ್ನವೇ ಮನೋಮಿನ್, ಕೆರೆಗಳಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿ. ಆಗಸ್ಟ್ ಕೊನೆಗೆ ಇಬ್ಬಿಬ್ಬರಾಗಿ ದೋಣಿಯಲ್ಲಿ ಹೋಗುತ್ತಾರೆ. ಒಬ್ಬರು ಗಳ ಊರಿ ದೋಣಿ ತಳ್ಳಿದರೆ, ಇನ್ನೊಬ್ಬರು ಎರಡು ಕೋಲುಗಳಿಂದ ತೆನೆ ಬಗ್ಗಿಸಿ ಮೆಲ್ಲಗೆ ಬಡಿಯುತ್ತಾರೆ. ಕಾಳು ದೋಣಿಗೆ ಬೀಳುತ್ತದೆ, ಸ್ವಲ್ಪ ನೀರಿಗೂ ಬೀಳುತ್ತದೆ. ನೀರಿಗೆ ಬಿದ್ದದ್ದೇ ಮುಂದಿನ ವರ್ಷದ ಬಿತ್ತನೆ. ನೀರಿನ ಮಟ್ಟ ಏರುಪೇರಾದರೆ ಆ ವರ್ಷದ ಬೆಳೆಯೇ ಹೋಗಬಹುದು. ಎಣ್ಣೆ ಬಿದ್ದರೆ ಹೇಳುವುದೇ ಬೇಡ.

ಅಮೆರಿಕ ಸರ್ಕಾರದ ಜೊತೆ ಮಾಡಿಕೊಂಡ 1837 ಮತ್ತು 1855ರ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟರೂ ಬೇಟೆ, ಮೀನು, ಅಕ್ಕಿಯ ಹಕ್ಕು ನಮ್ಮಲ್ಲೇ ಉಳಿದಿದೆ ಎನ್ನುತ್ತಾರೆ ಅವರು. 1837ರ ಒಪ್ಪಂದದ ಮಟ್ಟಿಗೆ ಅಮೆರಿಕದ ಸುಪ್ರೀಂ ಕೋರ್ಟೇ 1999ರಲ್ಲಿ ಇದನ್ನು ಎತ್ತಿಹಿಡಿದಿದೆ. ಒಪ್ಪಂದಕ್ಕೆ ಎರಡು ಕಡೆ ಇರುತ್ತದೆ, ಅಲ್ವಾ? ಸರ್ಕಾರ ಸಹಿ ಹಾಕಿದ್ದು ಇಲ್ಲಿಗೆ ಬಂದು ನೆಲೆಸುವವರ ಪರವಾಗಿ. ಹಾಗಾದರೆ ಆ ಇನ್ನೊಂದು ಕಡೆಯಲ್ಲಿ ನಾನೂ ಇದ್ದೇನೆ.

ಅವತ್ತು ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿದ್ದೆವು. ಒಂದು ಗುಂಪು ನದಿ ಕಡೆ ನಡೆಯಿತು. ಇನ್ನೊಂದು ಗುಂಪು ಪಂಪ್ ಸ್ಟೇಷನ್ ಕಟ್ಟುತ್ತಿದ್ದ ಜಾಗಕ್ಕೆ ಹೋಗಿ ಯಂತ್ರಗಳಿಗೆ ತಮ್ಮನ್ನೇ ಬಿಗಿದುಕೊಂಡು ಕೂತಿತು. ನನ್ನದು ಕೆಲಸದ ವೀಸಾ, ಬಂಧನವಾದರೆ ಕಷ್ಟ. ಅದನ್ನು ಹೇಳಿದಾಗ ಯಾರೂ ಮುಖ ಸಿಂಡರಿಸಲಿಲ್ಲ. ಸಂಘಟಕಿಯೊಬ್ಬರು, "ಕಾರ್ ಇದೆಯಲ್ಲ? ನೀರು ಸಾಗಿಸಿ, ಆಮೇಲೆ ಜೈಲಿನ ಹತ್ತಿರ ಇರಿ" ಎಂದರು. ಬೆಂಬಲ ಎಂದರೆ ಇಷ್ಟೇ ಅಂತ ನನಗೂ ಅನ್ನಿಸುತ್ತದೆ. ಮೈಕ್ ಅವರದು, ತೀರ್ಮಾನ ಅವರದು. ಹೇಳಿದ ಕೆಲಸ ನಮ್ಮದು.

ಇನ್ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಅವರಲ್ಲಿ ಕೆಲವರನ್ನಿಟ್ಟಿದ್ದ ಜೈಲಿನ ಹೊರಗೆ ನಾವು ನೀರು, ಬ್ರೆಡ್ಡು, ಫೋನ್ ಚಾರ್ಜರ್ ಇಟ್ಟುಕೊಂಡು ಕಾದೆವು. ಬಿಡುಗಡೆಯಾಗಿ ಬಂದ ಹುಡುಗಿಯ ತಲೆಗೂದಲಲ್ಲಿ ಇನ್ನೂ ಮರಳಿತ್ತು. ಗಡಿ ಕಾವಲು ಇಲಾಖೆಯ ಹೆಲಿಕಾಪ್ಟರ್ ತಲೆ ಮೇಲೇ ಬಂದು ಧೂಳೆಬ್ಬಿಸಿತು ಎಂದಳು. ಅವಳು ಮೊದಲು ಕೇಳಿದ್ದು ನೀರಲ್ಲ, "ನದಿ ಹತ್ತಿರದವರು ಇನ್ನೂ ಕೂತಿದ್ದಾರಾ?" ಅಂತ. ಕೂತಿದ್ದರು. ಜೌಗಿನ ಮೇಲೆ ಹಾಸಿದ್ದ ಮರದ ಹಲಗೆಗಳ ಮೇಲೆ ವಾರಕ್ಕೂ ಜಾಸ್ತಿ ಕೂತೇ ಇದ್ದರು.

"ನೀನೂ ಪೆಟ್ರೋಲ್ ಹಾಕಿಸಿಕೊಂಡೇ ಅಲ್ವಾ ಹೋಗಿದ್ದು?" ಎಂದು ಇಲ್ಲಿನ ಕನ್ನಡದ ಗೆಳೆಯರು ಕೇಳಿದರು. ಹೌದು. ಆದರೆ ನಾನು ಕಾರು ಓಡಿಸುತ್ತೇನೆ ಎಂದ ಮಾತ್ರಕ್ಕೆ ಇನ್ನೊಬ್ಬರ ಅನ್ನದ ಕೆರೆಗಳ ನಡುವೆ ಪೈಪು ಎಳೆಯಲು ಒಪ್ಪಿದ ಹಾಗಾಗುವುದಿಲ್ಲ.

2021ರ ಅಕ್ಟೋಬರ್ 1ರಂದು ಎಣ್ಣೆ ಹರಿಯಿತು. ತುಂಬ ಸಂಕಟವಾಯಿತು. ಕೇಸುಗಳು ವರ್ಷಗಟ್ಟಲೆ ನಡೆದವು. ಬೇರೊಂದು ಪ್ರತಿಭಟನೆಗಾಗಿ ಮೂವರು ಅನಿಶಿನಾಬೆ ಮಹಿಳೆಯರ ಮೇಲೆ ಹಾಕಿದ್ದ ಆರೋಪಗಳನ್ನು 2023ರಲ್ಲಿ ನ್ಯಾಯಾಧೀಶೆಯೊಬ್ಬರು ವಜಾ ಮಾಡಿದರು. ಅದೇ ಕಂಪನಿಯ ಲೈನ್ 5 ವಿರುದ್ಧ ವಿಸ್ಕಾನ್ಸಿನ್‌ನ ಬ್ಯಾಡ್ ರಿವರ್ ಬುಡಕಟ್ಟು 2019ರಲ್ಲೇ ಕೋರ್ಟಿಗೆ ಹೋಗಿದೆ. ಅವರ ಹೋರಾಟಕ್ಕೆ ಕೈಲಾದಷ್ಟು ದುಡ್ಡು ಕಳಿಸುತ್ತೇನೆ. ಕರೆದರೆ ಕಾರು ತಗೊಂಡು ಹೋಗುತ್ತೇನೆ.