ಇಟ್ಕಂಡಿದೀಯ, ಅಳಿಸಿದೀಯ?

ಟೀ ಅಂಗಡಿಯಲ್ಲಿ ಮೊಬೈಲ್ ತೋರಿಸಿದ ಆ ಹುಡುಗನ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ. ಒಳ್ಳೆಯ ಹುಡುಗನೇ. ಗುಡ್ಡ ಹತ್ತುವುದರಲ್ಲಿ ನಮ್ಮ ತಂಡದಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಬಾಯಿಗೂ ಮೊಬೈಲಿಗೂ ಬೀಗ ಇಲ್ಲ. ಚಿರತೆ ಅಧ್ಯಯನಕ್ಕೆ ನಾವು ಕಾಡಲ್ಲಿ ಕಟ್ಟಿದ ಕ್ಯಾಮೆರಾಕ್ಕೆ ಸಿಕ್ಕ ಚಿರತೆ ಫೋಟೋ ತೋರಿಸುತ್ತಾ ಹಾಗೇ ಬೆರಳು ಸರಿಸಿದ್ದಾನೆ. ಮುಂದಿನದು ಚಿರತೆ ಅಲ್ಲ, ಅದೇ ಊರಿನ ಒಬ್ಬ ಹೆಂಗಸು. ತಲೆ ಮೇಲೆ ದರಗಿನ (ಒಣ ಎಲೆಯ) ಹೊರೆ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಾರೆ. ಅಂಗಡಿ ತುಂಬಾ ನಗು. ಸಂಜೆಯೊಳಗೆ ಸುದ್ದಿ ಅವರ ಮನೆ ಮುಟ್ಟಿತ್ತು.

ಹೊಸನಗರ ಕಡೆಯ ಆ ಕಾಡಿಗೆ ಬ್ಯಾಟರಿ ಬದಲಾಯಿಸಲು ಹೋದಾಗ ಅವರು ಕಾಲುದಾರಿಯಲ್ಲೇ ಕಾದು ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಮರಕ್ಕೆ ಕಟ್ಟಿದ್ದ ಪೆಟ್ಟಿಗೆಯನ್ನೊಮ್ಮೆ ನೋಡಿ ಕೇಳಿದರು.

"ತಮ್ಮಾ, ನನ್ನ ಫೋಟೋ ಇಟ್ಕಂಡಿದೀಯ, ಅಳಿಸಿದೀಯ?"

"ಇದೆ ಅಮ್ಮಾ. ಆದ್ರೆ ಯಾರಿಗೂ ತೋರ್ಸಲ್ಲ."

"ತೋರ್ಸಿ ಆಯ್ತಲ್ಲ ಮಾರಾಯ."

ಅದಕ್ಕೆ ನಾನು ಏನು ಹೇಳಲಿ? ಸುಮ್ನೆ ನಿಂತೆ.

ಕ್ಯಾಮೆರಾ ಟ್ರ್ಯಾಪ್ ಅಂದರೆ ಕಾಡಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಅಂತ ಎಲ್ಲರಿಗೂ ಅನಿಸುತ್ತದೆ. ಅಸಲಿ ಕೆಲಸ ಇರೋದು ಶಿವಮೊಗ್ಗದ ರೂಮಿನಲ್ಲಿ, ಲ್ಯಾಪ್‌ಟಾಪ್ ಮುಂದೆ. ಬಿಸಿ ಇರುವ ಮೈ ಎದುರಿಗೆ ಹಾದರೆ ಕ್ಯಾಮೆರಾ ತಾನೇ ಕ್ಲಿಕ್ಕಿಸುತ್ತದೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೂ ಕ್ಲಿಕ್ಕಿಸುತ್ತದೆ. 2018-19ರ ದೇಶದ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಕಟ್ಟಿದ್ದರು. ಬಂದ ಫೋಟೋ ಸುಮಾರು 3.48 ಕೋಟಿ. ಅದರಲ್ಲಿ ಹುಲಿಯವು 76,651, ಚಿರತೆಯವು 51,777. ಎರಡೂ ಸೇರಿಸಿದರೆ ನೂರು ಫೋಟೋಗೆ ಅರ್ಧ ಫೋಟೋವೂ ಆಗಲ್ಲ. ಮಿಕ್ಕಿದ್ದರಲ್ಲಿ ಬೇರೆ ಪ್ರಾಣಿ, ಬರೀ ಹುಲ್ಲು, ದನ, ನಾಯಿ, ಮತ್ತೆ ಜನ.

ಕ್ಯಾಮೆರಾದ ಪ್ರತಿ ಮೆಮೊರಿ ಕಾರ್ಡೂ ಒಂದರಿಂದಲೇ ನಂಬರ್ ಶುರು ಮಾಡುತ್ತದೆ. ಹಾಗಾಗಿ ಮೊದಲು ಎಲ್ಲ ಫೈಲಿಗೂ ಸ್ಟೇಷನ್ (ಅಂದರೆ ಕ್ಯಾಮೆರಾ ಕಟ್ಟಿದ ಜಾಗ), ತಾರೀಕು, ಸಮಯ ಸೇರಿಸಿ ಹೊಸ ಹೆಸರು ಕೊಡಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಕೂತು ಹಳೆಯದು ಹೋಗುತ್ತದೆ. ಆಮೇಲೆ ಮೆಗಾಡಿಟೆಕ್ಟರ್ ಅನ್ನೋ ಸಾಫ್ಟ್‌ವೇರ್‌ಗೆ ಹಾಕುತ್ತೇವೆ. ಪ್ರಾಣಿ, ಜನ, ವಾಹನ, ಖಾಲಿ ಅಂತ ಅದೇ ವಿಂಗಡಿಸಿ ಕೊಡುತ್ತದೆ. 'ಜನ' ಅನ್ನೋ ಫೋಲ್ಡರನ್ನು ನಾವು ಯಾರೂ ತೆರೆಯುವುದೇ ಇಲ್ಲ. ಈ ವಾರ ತೆರೆದೆ.

ಯಾವ ಚಿರತೆ ಅಂತ ಗುರುತು ಹಿಡಿಯೋದು ಮೈ ಚುಕ್ಕೆಯಿಂದ. ಎಡ ಮೈ ಚುಕ್ಕೆ ಬೇರೆ, ಬಲ ಮೈ ಚುಕ್ಕೆ ಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುತ್ತೇವೆ. ಆ ಅಮ್ಮನೂ ಎರಡೂ ಬದಿಯಿಂದ ಸಿಕ್ಕಿದ್ದರು. ಹೋಗುವಾಗ ಖಾಲಿ ಬುಟ್ಟಿ, ಬರುವಾಗ ಹೊರೆ. ಯಾವ ವಾರ ಬರಲಿಲ್ಲ, ಯಾರ ಜೊತೆ ಹೋದರು, ಮನೆ ಬಿಟ್ಟಿದ್ದು ಎಷ್ಟು ಹೊತ್ತಿಗೆ, ಎಲ್ಲ ಇದೆ. ಚಿರತೆಯನ್ನು ಗುರುತು ಹಿಡಿಯಲು ಕಲಿತ ಕಣ್ಣಿಗೆ ಮನುಷ್ಯರನ್ನು ಗುರುತು ಹಿಡಿಯೋದು ಇನ್ನೂ ಸುಲಭ. ಅವರ ಗಂಡನಿಗೂ ಗೊತ್ತಿಲ್ಲದಷ್ಟು ಅವರ ದಿನಚರಿ ನನಗೆ ಗೊತ್ತಾಗಿತ್ತು. ಫೋಲ್ಡರ್ ಮುಚ್ಚಿದೆ.

ಇಟ್ಕಂಡಿದೀಯ, ಅಳಿಸಿದೀಯ?

ನಮ್ಮ ಅಧ್ಯಯನ ನಡೆಸುವ ಸಾರ್‌ಗೆ ಫೋನ್ ಮಾಡಿದೆ. "ಮೂಲ ಡೇಟಾ ಮುಟ್ಟಬೇಡ" ಅಂದರು. ಅವರು ಹೇಳೋದರಲ್ಲಿ ಹುರುಳಿದೆ. ಚಿರತೆ ಬರದ ದಿನವೂ ಕ್ಯಾಮೆರಾ ಬದುಕಿತ್ತು ಅನ್ನೋದಕ್ಕೆ ಆ ದಿನ ಹಾದುಹೋದ ಜನರ ಫೋಟೋವೇ ಸಾಕ್ಷಿ. ಅದಿಲ್ಲದಿದ್ದರೆ ಚಿರತೆ ಬರಲಿಲ್ಲವೋ, ಬ್ಯಾಟರಿ ಸತ್ತಿತ್ತೋ ಹೇಳೋದು ಹೇಗೆ? ಜನ ಹಗಲು ಜಾಸ್ತಿ ಓಡಾಡುವ ಕಡೆ ಚಿರತೆ ರಾತ್ರಿಗೆ ಸರಿಯುತ್ತದಾ ಅಂತ ನೋಡಲಿಕ್ಕೂ ಅದು ಬೇಕು. ಆದರೆ ಸಾರ್ ಕಾಡಿಗೆ ಬಂದು ಬಹಳ ಕಾಲವಾಯಿತು. ಅವರಿಗೆ ಆ ಅಮ್ಮ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ. ಇದನ್ನು ಅವರ ಮುಖಕ್ಕೇ ಹೇಳುವ ಧೈರ್ಯ ನನಗಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

2024ರಲ್ಲಿ ಉತ್ತರಾಖಂಡದ ಕಾರ್ಬೆಟ್ ಕಾಡಿನ ಬಗ್ಗೆ ಒಂದು ಅಧ್ಯಯನ ಬಂತು. ಸೌದೆ, ಹುಲ್ಲಿಗೆ ಹೋಗುವ ಅಲ್ಲಿನ ಹೆಂಗಸರು ದಾರಿಯುದ್ದಕ್ಕೂ ಹಾಡುತ್ತಿದ್ದರಂತೆ. ಖುಷಿಗೂ ಹೌದು, ಹುಲಿ ಆನೆ ದೂರ ಇರಲಿ ಅಂತಲೂ ಹೌದು. ಕ್ಯಾಮೆರಾ ಬಂದ ಮೇಲೆ ಹಾಡು ಕಡಿಮೆಯಾಯಿತು. ಕೆಲವರು ಗುರುತಿಲ್ಲದ ದೂರದ ಕಾಡಿಗೆ ಹೋಗತೊಡಗಿದರು. ಮನೆಯಲ್ಲಿ ಅತ್ತೆ ಗಂಡ, ಊರಲ್ಲಿ ಹತ್ತು ಕಣ್ಣು; ಯಾರೂ ನೋಡದ ಒಂದೇ ಜಾಗ ಕಾಡಾಗಿತ್ತು, ಅಲ್ವಾ? ಅಲ್ಲೂ ಹೋಗಿ ಕ್ಯಾಮೆರಾ ಅನ್ನೋ ಕಣ್ಣು ಇಟ್ಟೆವು. ನಮ್ಮ ಉದ್ದೇಶ ಒಳ್ಳೆಯದೇ. ಆದರೆ ಕ್ಯಾಮೆರಾ ಕಟ್ಟುವ ಮೊದಲು ಫಾರೆಸ್ಟ್ ಆಫೀಸಿನ ಒಪ್ಪಿಗೆ ಕೇಳಿದವರು, ದಿನಾ ಆ ದಾರಿಯಲ್ಲಿ ನಡೆಯುವವರನ್ನು ಕೇಳಲಿಲ್ಲ.

ಅಮ್ಮ ಹೊರಡುವಾಗ ಇನ್ನೊಂದು ಕೇಳಿದ್ದರು. ನಿಜವಾದ ಪ್ರಶ್ನೆ ಅದೇ ಇರಬೇಕು. "ಫಾರೆಸ್ಟ್‌ನೋರಿಗೆ ಹೋಗುತ್ತಾ ಇದು? ದರಗು ತಂದಿದ್ದಕ್ಕೆ ಕೇಸ್ ಹಾಕಿದ್ರೆ?" ಹೋಗಲ್ಲ ಅಂತ ಹೇಳಬೇಕೆನಿಸಿತು. ಒಪ್ಪಿಗೆ ಕೊಟ್ಟವರೇ ಡೇಟಾ ಕೇಳಿದರೆ ಇಲ್ಲ ಅನ್ನೋದು ಹೇಗೆ?

ಸಾರ್ ಜೊತೆ ಜಗ್ಗಾಡಿ ಇಷ್ಟಾಗಿದೆ. ಜನ ಹಾದ ಸಮಯ, ಎಷ್ಟು ಜನ ಅನ್ನೋದು ಪಟ್ಟಿಯಲ್ಲಿ ಉಳಿಯುತ್ತದೆ. ಪಟ್ಟಿ ಆದ ಮೇಲೆ ಫೋಟೋ ಅಳಿಸುತ್ತೇವೆ. ಮೊಬೈಲಿಗೆ ಒಂದೂ ಕಾಪಿ ಮಾಡುವಂತಿಲ್ಲ. ಹುಡುಗನ ಮೊಬೈಲನ್ನು ನಾನೇ ಕೂತು ಖಾಲಿ ಮಾಡಿಸಿದೆ, ಮುಖ ದಪ್ಪ ಮಾಡಿಕೊಂಡಿದ್ದಾನೆ. ಆ ಜೋಡಿ ಕ್ಯಾಮೆರಾವನ್ನು ಕಾಲುದಾರಿಯಿಂದ ಮೇಲಿನ ಬಂಡೆ ಕಡೆಗೆ ಸರಿಸಿದ್ದೇವೆ. ಚಿರತೆ ಓಡಾಡೋದು ಅಲ್ಲೇ ಅಂತ ಅಮ್ಮನೇ ಕೈ ತೋರಿಸಿದ್ದರು. ಮಧ್ಯದಲ್ಲಿ ಸ್ಟೇಷನ್ ಬದಲಿಸಿದರೆ ಲೆಕ್ಕ ಕೆಡುತ್ತದೆ ಅಂತ ಸಾರ್ ಗೊಣಗಿದರು. ಹಳೆಯ ಹೆಸರಲ್ಲೇ ಮುಂದುವರಿಸಿದರೆ ಕೆಡುತ್ತದೆ, ನಿಜ. ಹೊಸ ಹೆಸರು ಕೊಟ್ಟು ಹೊಸ ಸ್ಟೇಷನ್ ಅಂತಲೇ ಪಟ್ಟಿಗೆ ಸೇರಿಸಿದ್ದೇನೆ.