ಗೌಡ್ರ ಮನೇಲಿ ಕೋವಿ ಇದೆಯಂತೆ

ಅಪ್ಪ ತೀರಿಕೊಂಡು ಹದಿನಾಲ್ಕು ತಿಂಗಳಾಯ್ತು. ಪಹಣಿ, ಬ್ಯಾಂಕ್ ಖಾತೆ, ಗ್ಯಾಸ್ ಕನೆಕ್ಷನ್ ಎಲ್ಲದರ ಹೆಸರು ಒಂದೊಂದಾಗಿ ಬದಲಾಯಿತು. ಉಳಿದದ್ದು ಕೋವಿ. ತಾತನ ಕಾಲದ್ದು, ಜೋಡಿ ನಳಿಗೆ, ಹನ್ನೆರಡು ಬೋರ್. ಲೈಸೆನ್ಸ್ ಇದ್ದವರು ಹೋದ ಮೇಲೆ ಅದನ್ನು ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ತಿಥಿ ಮುಗಿದ ಮಾರನೇ ದಿನವೇ ಠಾಣೆಗೆ ಕೊಟ್ಟು ರಸೀದಿ ತಂದಿದ್ದೆ. ವಾರಸುದಾರರಿಗೆ ಬೇಕು ಅಂದರೆ ಅವರ ಹೆಸರಲ್ಲಿ ಅರ್ಜಿ ಹಾಕಬೇಕು. ತಮ್ಮ ಬೆಂಗಳೂರಲ್ಲಿದ್ದಾನೆ. "ನಂಗ್ಯಾಕಕ್ಕ? ತೋಟ ನೋಡ್ಕೊಳೋಳು ನೀನು, ನೀನೇ ಮಾಡಿಸ್ಕೊ" ಅಂದ.

ಹಾಗಾಗಿ ಒಂದು ಸೋಮವಾರ ಹಾನುಬಾಳಿನಿಂದ ಬಸ್ ಹತ್ತಿ ಹಾಸನಕ್ಕೆ ಹೋದೆ. ಅರ್ಜಿಯಲ್ಲಿ ಲೈಸೆನ್ಸ್ ಯಾಕೆ ಬೇಕು ಅಂತ ಒಂದು ಕಾಲಂ ಇದೆ. ನಾನು ಅಲ್ಲೇ ಪೆನ್ ನಿಲ್ಲಿಸಿದ್ದು ನೋಡಿ, ಕಚೇರಿ ಹೊರಗೆ ಅರ್ಜಿ ಬರೆದುಕೊಡುವವರು ನಕ್ಕರು. "ಆತ್ಮರಕ್ಷಣೆ ಅಂತ ಹಾಕಿ ಮೇಡಂ. ಇಲ್ಲಾ ಬೆಳೆ ರಕ್ಷಣೆ ಅಂತ ಹಾಕಿ. ಬರೋರೆಲ್ಲ ಅದನ್ನೇ ಬರೆಯೋದು."

ಬರೆಯೋದೇನೋ ಸುಲಭ. ಆದರೆ ಯಾರಿಂದ ರಕ್ಷಣೆ?

ನಮ್ಮ ಕಡೆ ಬೆಳೆ ಹಾಳು ಮಾಡುವುದು ಅಂದರೆ ಮೊದಲು ಆನೆ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಡು ಎಲ್ಲಿದೆ ಅಂತ ಮೊಬೈಲ್‌ಗೆ ಮೆಸೇಜ್ ಬಂದರೆ ಆ ದಿನ ಆಳುಗಳು ಆ ಕಡೆ ಹೋಗಲ್ಲ, ಅಷ್ಟೇ. ಆನೆಗೆ ಹನ್ನೆರಡು ಬೋರ್ ಕೋವಿಯಲ್ಲಿ ಈಡು ಹೊಡೆದರೆ ಅದಕ್ಕೆ ಸಿಟ್ಟು ಬರುತ್ತದೆ, ನಮಗೆ ಜೈಲಾಗುತ್ತದೆ. ಆಮೇಲೆ ಕಳ್ಳರು. ಕಾಫಿ ರೇಟ್ ಏರಿದ ಮೇಲೆ ಕಣದಲ್ಲಿ ಒಣಗಿಸಿದ್ದು, ಬಳ್ಳಿಯಲ್ಲಿರೋ ಮೆಣಸು, ಯಾವುದಕ್ಕೂ ಗ್ಯಾರಂಟಿ ಇಲ್ಲ. ಆದರೆ ಕಣದಿಂದ ಮೂಟೆ ಹೊತ್ತುಕೊಂಡು ಓಡುವವನನ್ನು ಗುಂಡಿಟ್ಟು ಕೊಲ್ಲುವ ಹಕ್ಕು ಕಾನೂನಿನಲ್ಲಿ ಇಲ್ಲ. ಮೊದಲು ಐಪಿಸಿ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಸರು ಬದಲಾದರೂ ಈ ಮಾತು ಬದಲಾಗಿಲ್ಲ. ನಮ್ಮ ಜೀವಕ್ಕೇ ಕುತ್ತು ಬಂದಾಗ, ದರೋಡೆಗೆ ಬಿದ್ದಾಗ, ರಾತ್ರಿ ಮನೆ ಒಡೆದು ನುಗ್ಗಿದಾಗ, ಇಂಥ ಕೆಲವೇ ಹೊತ್ತಲ್ಲಿ ಪ್ರಾಣ ತೆಗೆಯುವವರೆಗೂ ಹೋಗಬಹುದು. ಆಗಲೂ ಎಷ್ಟು ಬೇಕೋ ಅಷ್ಟೇ. ಕತ್ತಲಲ್ಲಿ, ನಿದ್ದೆಗಣ್ಣಲ್ಲಿ, ಎಷ್ಟು ಬೇಕು ಅಂತ ಅಳೆಯೋರು ಯಾರು?

ಅಂಥ ಒಂದು ರಾತ್ರಿ ನಾನು ನೋಡಿದ್ದೇನೆ.

1991ರ ಡಿಸೆಂಬರ್. ನನಗೆ ಹನ್ನೆರಡು ವರ್ಷ. ಕಣದ ತುಂಬ ಕಾಫಿ ಹರಡಿತ್ತು. ಅದರ ಹಿಂದಿನ ವಾರವಷ್ಟೇ ಪಕ್ಕದ ತೋಟದಲ್ಲಿ ಕಳ್ಳತನ ಆಗಿತ್ತು. ನಡುರಾತ್ರಿ ನಾಯಿ ಒಂದೆರಡು ಸಲ ಬೊಗಳಿ ಸುಮ್ಮನಾಯಿತು. ಅಪ್ಪ ಎದ್ದರು. ನಾನೂ ಎದ್ದು ಮೂರು ಸೆಲ್ಲಿನ ಟಾರ್ಚ್ ಹಿಡಿದು ಹಿಂದೆ ಹೋದೆ, ಹಾಕಬೇಡ ಅಂತ ಸನ್ನೆ ಮಾಡಿದರು. ಜಗಲಿಯಿಂದ ನೋಡಿದರೆ ಕಣದ ಆ ತುದಿಯಲ್ಲಿ ಯಾರೋ ಬಗ್ಗಿ ಏನನ್ನೋ ಎಳೆಯುತ್ತಿದ್ದಾರೆ. ಅಪ್ಪ ನಳಿಗೆ ಬಗ್ಗಿಸಿ ಎರಡು ತೋಟಾ ಹಾಕಿದರು. ಮುಚ್ಚಿದಾಗ ಟಕ್ ಅಂತ ಒಂದು ಸದ್ದು. "ಯಾರ್‍ಲಾ ಅದು?" ಉತ್ತರ ಇಲ್ಲ. ಮತ್ತೊಮ್ಮೆ ಕೂಗಿದರು. ಆಗಲೂ ಇಲ್ಲ. ಕೋವಿ ಭುಜಕ್ಕೆ ಹೋಯಿತು.

ಭಯಕ್ಕೋ ಏನೋ, ನನ್ನ ಬೆರಳು ಟಾರ್ಚ್ ಗುಂಡಿ ಒತ್ತಿಬಿಟ್ಟಿತು. ಬೆಳಕಿನಲ್ಲಿ ಕಂಡದ್ದು ಹಸಿರು ಬಣ್ಣದ ಮಂಕಿ ಟೋಪಿ. ನಮ್ಮ ತೋಟದ ಆಳುಗಳ ಮೇಸ್ತ್ರಿ. ತುಂತುರು ಹನಿ ಶುರುವಾಗಿದೆ, ಕಾಫಿ ನೆನೆಯುತ್ತೆ ಅಂತ ಲೈನ್ ಮನೆಯಿಂದ ಒಬ್ಬನೇ ಎದ್ದು ಬಂದು ಟಾರ್ಪಾಲ್ ಎಳೆದು ಹೊದಿಸುತ್ತಿದ್ದ. ಒಂದು ಕಿವಿ ಪೂರ್ತಿ ಹೋಗಿತ್ತು ಅವನಿಗೆ. ಗುರುತಿನವನು ಅಂತಲೇ ನಾಯಿ ಸುಮ್ಮನಾಗಿದ್ದು. ನಾಯಿಗೆ ಗೊತ್ತಾದದ್ದು ನಮಗೆ ಗೊತ್ತಾಗಲಿಲ್ಲ.

ಅವನು ನಮ್ಮ ಕಡೆ ತಿರುಗಿ, "ಬನ್ನಿ ಗೌಡ್ರೇ, ಆ ತುದಿ ಹಿಡ್ಕಳಿ" ಅಂದ. ಅಪ್ಪ ಕೋವಿಯನ್ನು ಜಗಲಿ ಮೇಲೆ ಇಟ್ಟು ಹೋಗಿ ತುದಿ ಹಿಡಿದರು. ಅವರ ಕೈ ನಡುಗುತ್ತಿತ್ತು. ಟಾರ್ಪಾಲ್ ಪಟಪಟ ಅನ್ನುತ್ತಿದ್ದದ್ದು ಗಾಳಿಗಲ್ಲ.

ಮೇಸ್ತ್ರಿಗೆ ಕೊನೆಯವರೆಗೂ ಈ ವಿಷಯ ಹೇಳಲಿಲ್ಲ. ನನಗೆ ಮಾತ್ರ ಎಷ್ಟೋ ವರ್ಷ ಆದ ಮೇಲೆ ಅಪ್ಪ ಒಂದು ಮಾತು ಹೇಳಿದರು. "ಕೈಲಿ ಕೋವಿ ಇಲ್ದೇ ಹೋಗಿದ್ರೆ ಮೊದಲು ಟಾರ್ಚ್ ಬಿಟ್ಟು ನೋಡ್ತಿದ್ದೆ ಕಣವ್ವ. ಕೋವಿ ಇತ್ತಲ್ಲ, ಅದಕ್ಕೇ ಅವನು ಕಳ್ಳನಾಗೇ ಕಂಡ."

ನನ್ನ ಮಗಳು ಮೈಸೂರಲ್ಲಿ ಸೈಕಾಲಜಿ ಓದುತ್ತಾಳೆ. ಈ ಮಾತನ್ನು ಅವಳಿಗೆ ಹೇಳಿದಾಗ, ಇದಕ್ಕೆ ಹತ್ತಿರದ ಒಂದು ಹಳೇ ಪ್ರಯೋಗ ಇದೆ ಅಂದಳು. 1967ರಲ್ಲಿ ಅಮೆರಿಕದ ಬರ್ಕೋವಿಟ್ಜ್ ಮತ್ತು ಲೆಪೇಜ್ ಅನ್ನೋರು ಮಾಡಿದ್ದು. ಕಾಲೇಜು ಹುಡುಗರಿಗೆ ಮೊದಲು ಸಣ್ಣ ಸಣ್ಣ ಕರೆಂಟ್ ಶಾಕ್ ಕೊಡಿಸಿ ಸಿಟ್ಟು ಬರಿಸಿದರಂತೆ. ಆಮೇಲೆ ವಾಪಸ್ ಶಾಕ್ ಕೊಡುವ ಸರದಿ ಹುಡುಗರದು. ಕೆಲವರ ಮುಂದಿನ ಮೇಜಿನ ಮೇಲೆ ಬಂದೂಕು, ಕೆಲವರ ಮುಂದೆ ಬ್ಯಾಡ್ಮಿಂಟನ್ ಬ್ಯಾಟು, ಕೆಲವರ ಮುಂದೆ ಏನೂ ಇಲ್ಲ. ಬಂದೂಕು ನೋಡುತ್ತಾ ಕೂತ ಸಿಟ್ಟಿನ ಹುಡುಗರು ಜಾಸ್ತಿ ಶಾಕ್ ಕೊಟ್ಟರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಕಡೆ ಇದೇ ಫಲಿತಾಂಶ ಬರಲಿಲ್ಲ, ಇವತ್ತಿಗೂ ವಾದ ಇದೆ ಅಂತಾನೂ ಹೇಳಿದಳು. ಅಪ್ಪನಿಗೆ ಮಾತ್ರ ವಾದ ಇರಲಿಲ್ಲ.

ಹಾಗಂತ ಕೋವಿ ಇಟ್ಟುಕೊಂಡವರೆಲ್ಲ ಸಿಡುಕರು ಅಂತಲ್ಲ. ಚಿಕ್ಕಪ್ಪನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ 2021ರ ಸೆಪ್ಟೆಂಬರ್‌ನಿಂದ ಇಪ್ಪತ್ತೊಂದು ದಾಟಿದವರು, ಕಾನೂನಿನ ಅಡ್ಡಿ ಏನೂ ಇಲ್ಲದಿದ್ದರೆ, ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ನಮಗೆ ಪೊಲೀಸ್ ವೆರಿಫಿಕೇಶನ್, ತರಬೇತಿ ಸರ್ಟಿಫಿಕೇಟ್ ಅಂತ ಎಷ್ಟು ಅಲೆದಾಟ! ಅಕ್ಕಪಕ್ಕದ ಬೀದಿಯಲ್ಲಿ ಹಾಡಹಗಲೇ ಕಳ್ಳತನ ಆದ ಮೇಲೆ ಇವನೂ ಒಂದು ತಗೊಂಡ. "ಸೊಂಟದಲ್ಲಿ ಅದು ಇದ್ರೆ ನಾನು ಯಾರ ತಂಟೆಗೂ ಹೋಗಲ್ಲ ಅಕ್ಕ. ರೋಡಲ್ಲಿ ಯಾರಾದ್ರೂ ಬೈದ್ರೂ ಸುಮ್ನಿರ್ತೀನಿ. ಜಗಳ ಆದ್ರೆ ಎಲ್ಲಿಗ್ ಹೋಗಿ ಮುಟ್ಟುತ್ತೋ ಅಂತ ಭಯ." ಇದನ್ನು ಕೇಳಿ ನನಗೆ ಆಶ್ಚರ್ಯ ಆಯಿತು. ಧೈರ್ಯಕ್ಕೆ ಅಂತ ತಂದದ್ದು, ಕಲಿಸಿದ್ದು ಭಯವನ್ನ. ಕೆಟ್ಟ ಭಯ ಅಂತಲೂ ಹೇಳಲಾರೆ.

ಆದರೆ ಇನ್ನೊಂದು ನೋಡಿದೆ. ಹೋದ ವರ್ಷ ಮದುವೆಗೆ ಊರಿಗೆ ಬಂದಿದ್ದ. ಸಕಲೇಶಪುರದ ಛತ್ರದಲ್ಲಿ ಊಟಕ್ಕೆ ಕೂರುವಾಗ ಗೋಡೆ ಪಕ್ಕದ ಎಲೆಯೇ ಬೇಕು ಅಂತ ಎರಡು ಪಂಕ್ತಿ ಕಾದ. ಬೆನ್ನ ಹಿಂದೆ ಗೋಡೆ, ಮುಂದೆ ಬಾಗಿಲು. ಕೋಸಂಬರಿ ಬಡಿಸೋ ಹುಡುಗ ಪಕ್ಕದಿಂದ ಬಗ್ಗಿದರೆ ಬೆಚ್ಚಿ ತಿರುಗಿದ. ಪಿಸ್ತೂಲು ಟೆಕ್ಸಾಸ್‌ನ ಬೀರುವಿನಲ್ಲಿದೆ, ಕಾವಲು ಮಾತ್ರ ಇವನ ಜೊತೆ ವಿಮಾನ ಹತ್ತಿ ಬಂದಿದೆ. ಸುತ್ತ ಇದ್ದವರೆಲ್ಲ ಅವನ ಅತ್ತೆ, ಮಾವ, ಭಾವಂದಿರೇ.

2023ರಲ್ಲಿ ಅಮೆರಿಕದ ಪ್ಯೂ ಅನ್ನೋ ಸಮೀಕ್ಷೆ ಸಂಸ್ಥೆಯವರು ಕೇಳಿದಾಗ, ಬಂದೂಕು ಇರೋ ಅಮೆರಿಕನ್ನರಲ್ಲಿ ನೂರಕ್ಕೆ 72 ಜನ ರಕ್ಷಣೆಯೇ ಒಂದು ಮುಖ್ಯ ಕಾರಣ ಅಂದರಂತೆ. ಅಂದರೆ ಹೊರಗಿನವರ ಭಯ. ಅದೇ ದೇಶದಲ್ಲಿ ವರ್ಷವರ್ಷವೂ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಜೀವ ಕಳೆದುಕೊಂಡವರು. ಮಗಳು ಇದನ್ನು ಓದಿ ಹೇಳುವಾಗ ಅಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆ, "ಅದಕ್ಕೇ ನಾನು ತೋಟಾ ಎಲ್ಲ ರಾಗಿ ಡಬ್ಬಕ್ಕೆ ಹಾಕಿದ್ದು" ಅಂದರು.

ಕಾಫಿ ರೇಟ್ ಪೂರ್ತಿ ಬಿದ್ದುಹೋದ ಕಾಲ ಅದು, 2001–02. ಕುಯ್ದ ಕೂಲಿಯೂ ಹುಟ್ಟುತ್ತಿರಲಿಲ್ಲ. ಸಾಲದವರು ಮನೆ ಬಾಗಿಲಿಗೆ ಬರುತ್ತಿದ್ದರು. ಅಪ್ಪ ಮಾತು ಕಮ್ಮಿ ಮಾಡಿ, ರಾತ್ರಿ ಜಗಲಿಯಲ್ಲಿ ಒಬ್ಬರೇ ಕೂರುತ್ತಿದ್ದರಂತೆ. ಅಮ್ಮ ಏನೂ ಕೇಳದೆ, ಏನೂ ಹೇಳದೆ ತೋಟಾ ಪೆಟ್ಟಿಗೆ ಖಾಲಿ ಮಾಡಿ ರಾಗಿಯೊಳಗೆ ಹೂತಿಟ್ಟರು. ಅಪ್ಪನಿಗೆ ಗೊತ್ತಾಯಿತಾ ಅಂತ ಕೇಳಿದೆ. "ಗೊತ್ತಾಗದೆ ಏನು? ಎರಡು ವರ್ಷ ಆದ್ಮೇಲೆ, ರೇಟ್ ಸ್ವಲ್ಪ ಎದ್ದಾಗ, ಇನ್ನು ತೆಗಿಯೇ ಅದನ್ನ, ರಾಗಿಗೆ ಮದ್ದಿನ ವಾಸನೆ ಬರ್ತಿದೆ ಅಂದ್ರು." ಇಷ್ಟು ಹೇಳಿ ಅಮ್ಮ ಸಿಪ್ಪೆ ಎತ್ತಿಕೊಂಡು ಹಿತ್ತಲಿಗೆ ಹೋದರು.

ಮತ್ತೆ ಅಪ್ಪ ಆ ಕೋವಿ ಯಾಕೆ ಇಟ್ಟುಕೊಂಡರು? 1991ರ ಆ ರಾತ್ರಿಯ ನಂತರ ಒಂದು ಸಲವೂ ಅದನ್ನು ಹೊರಗೆ ಒಯ್ದಿದ್ದು ನಾನು ಕಾಣೆ. ಆದರೂ ಭಾನುವಾರ ಬಂದರೆ ಎಣ್ಣೆ ಬಟ್ಟೆ ಹಿಡಿದು ಕೂರುವುದು ತಪ್ಪಲಿಲ್ಲ, ಅದೂ ರಸ್ತೆಗೆ ಕಾಣುವ ಜಗಲಿಯಲ್ಲೇ. ಆಯುಧ ಪೂಜೆಗೆ ಕತ್ತಿ, ಸ್ಪ್ರೇಯರ್ ಪಕ್ಕ ಅದಕ್ಕೂ ಕುಂಕುಮ. ಗೌಡ್ರ ಮನೇಲಿ ಕೋವಿ ಇದೆಯಂತೆ ಅನ್ನೋ ಮಾತು ಸಂತೆವರೆಗೂ ಹೋಗಬೇಕಿತ್ತು, ಅಷ್ಟೇ. ಪಕ್ಕದ ಕೊಡಗಿನವರ ಲೆಕ್ಕ ಬೇರೆ. ಅಲ್ಲಿ ಕೊಡವರಿಗೆ ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಅವರಿಗೆ ಅದು ಕುಲದ ಗುರುತು, ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆ ಆಗುವಂಥದ್ದು. ನಮ್ಮಪ್ಪನಿಗೆ ಅದು ಸ್ವಲ್ಪ ತಾತನ ನೆನಪು, ಸ್ವಲ್ಪ ಜಂಬ, ಉಳಿದದ್ದು ಬೇಲಿ.

2024ರ ಲೋಕಸಭೆ ಚುನಾವಣೆಗೆ ಎಲ್ಲರಂತೆ ಅಪ್ಪನೂ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದರು. ಸರಿಯಾಗಿ ಮೆಣಸು ಕುಯ್ಯುವ ಕಾಲ. ಆ ದಿನಗಳಲ್ಲಿ ತೋಟದಿಂದ ಒಂದು ಕಾಳು ಮೆಣಸೂ ಕಳುವಾಗಲಿಲ್ಲ. ಆದರೆ ಅಪ್ಪ ರಾತ್ರಿ ಮೂರು ಸಲ ಎದ್ದು ಖಾಲಿ ಬೀರು ತೆಗೆದು ನೋಡುತ್ತಿದ್ದರು.

ನಾನು ಆ ಕಾಲಂ ತುಂಬಲಿಲ್ಲ. ಅರ್ಜಿ ಮಡಚಿ ಬ್ಯಾಗಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆ. ಆಮೇಲೆ ತಮ್ಮನೂ ನಾನೂ ಸಹಿ ಹಾಕಿ, ಲೈಸೆನ್ಸ್ ಇರೋ ಡೀಲರ್ ಒಬ್ಬರಿಗೆ ಕೋವಿ ಮಾರಲು ಅನುಮತಿ ಕೇಳಿದ್ದೇವೆ. ಕಣಕ್ಕೆ ಎರಡು ಸೋಲಾರ್ ದೀಪ, ಒಂದು ಕ್ಯಾಮೆರಾ ಹಾಕಿಸಿದೆ. ಕ್ಯಾಮೆರಾದಲ್ಲಿ ಇಲ್ಲಿವರೆಗೂ ಸಿಕ್ಕಿದ್ದು ಒಂದು ಪುನುಗು ಬೆಕ್ಕು.

ಊರಲ್ಲಿ ಇದನ್ನೆಲ್ಲ ಯಾರೂ ಓದಲ್ಲ ಅನ್ನೋ ಧೈರ್ಯದ ಮೇಲೆ ಇಷ್ಟು ಬರೆದಿದ್ದೇನೆ. ಮೊನ್ನೆ ಆ ಮೇಸ್ತ್ರಿಯ ಮಗ ಬಂದಿದ್ದ. ಈಗ ಅವನೇ ನಮ್ಮ ತೋಟದ ರೈಟರ್, ಅಂದರೆ ಲೆಕ್ಕ ಬರೆಯೋನು. ತಲೆ ಕೆರೆದುಕೊಂಡು ಕೇಳಿದ: "ಅಕ್ಕಾವ್ರೇ, ಠಾಣೆಯಿಂದ ಕೋವಿ ವಾಪಸ್ ಬಂತಾ ಅಂತ ಹೋಟ್ಲಲ್ಲಿ ಕೇಳ್ತಾವ್ರೆ. ಏನ್ ಹೇಳ್ಲಿ?"

"ಬಂತು ಅನ್ನು" ಅಂದೆ.